ಮದುವೆಯ ಆಧಾರದ ಮೇಲೆ ಸಂಗಾತಿಗೆ ವಿದೇಶದಲ್ಲಿ ವಾಸದ ಹಕ್ಕು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾದರೂ ಅಧಿಕಾರಿಗಳು ನೋಡುವುದು ಬಹುತೇಕ ಎಲ್ಲ ಕಡೆಯೂ ಮೂರನ್ನೇ: ಮದುವೆ ಕಾನೂನಿಗೆ ಒಪ್ಪುತ್ತದೆಯೇ, ದಾಂಪತ್ಯ ನಿಜವೇ, ಬಂದವರ ಜೀವನ ನಡೆಯುವುದು ಹೇಗೆ. ಮೊತ್ತಗಳೂ ಗಡುವುಗಳೂ ಬದಲಾಗುತ್ತಲೇ ಇರುತ್ತವೆ; ಅರ್ಜಿ ಹಾಕುವ ದಿನ ಆಯಾ ಸರ್ಕಾರದ ಪ್ರಕಟಣೆಯನ್ನೇ ನೋಡಿ ಖಚಿತಪಡಿಸಿಕೊಳ್ಳಬೇಕು.

## ಮೊದಲ ಹೆಜ್ಜೆ

ಮದುವೆಯಾದ ಮೇಲೆ ಹೆಂಡತಿಗೆ ಅಲ್ಲಿರುವ ಹಕ್ಕು ತಾನಾಗಿಯೇ ಬರುವುದಿಲ್ಲವೇ?

ಬರುವುದಿಲ್ಲ. ಮದುವೆಯಿಂದ ಸಿಗುವುದು ಅರ್ಜಿ ಹಾಕುವ ಅರ್ಹತೆ ಮಾತ್ರ. ವಾಸದ ಹಕ್ಕನ್ನು ಕೊಡುವುದು ಆ ಅರ್ಜಿಯ ಮೇಲಿನ ತೀರ್ಮಾನ. ಈ ವ್ಯತ್ಯಾಸ ಮನಸ್ಸಿಗೆ ಹತ್ತದ ಕಾರಣಕ್ಕೇ ಎಷ್ಟೋ ಜನ ಮದುವೆಯ ವಾರದಲ್ಲೇ ಇಬ್ಬರಿಗೂ ವಿಮಾನದ ಟಿಕೆಟ್ ಕಾಯ್ದಿರಿಸಿ, ಆಮೇಲೆ ಒಬ್ಬರ ಟಿಕೆಟ್ ರದ್ದು ಮಾಡಿಸುತ್ತಾರೆ. ಅಮೆರಿಕದ ಪ್ರಜೆಯ ಸಂಗಾತಿಗೆ ವಾರ್ಷಿಕ ಸಂಖ್ಯೆಯ ಮಿತಿಯಿಲ್ಲ ಎಂಬುದು ನಿಜ. ಆದರೂ ಮೊದಲು ಆ ಪ್ರಜೆ ಸಂಗಾತಿಗಾಗಿ ಹಾಕುವ ಐ-130 ಎಂಬ ಅರ್ಜಿ ಮಂಜೂರಾಗಬೇಕು, ಅನಂತರ ವೈದ್ಯಕೀಯ ತಪಾಸಣೆ, ಪೊಲೀಸ್ ಪ್ರಮಾಣಪತ್ರ, ಸಂದರ್ಶನ ಎಲ್ಲವೂ ಮುಗಿಯಬೇಕು.

ವೀಸಾ, ಪಿಆರ್, ಗ್ರೀನ್ ಕಾರ್ಡ್, ಪೌರತ್ವ ಎಲ್ಲಾ ಒಂದೇ ಅಲ್ವಾ?

ವೀಸಾ ಎಂದರೆ ಒಳಗೆ ಬರಲು ಅನುಮತಿ. ವಾಸಪರವಾನಗಿ ಎಂದರೆ ಇಂತಿಷ್ಟು ಕಾಲ, ಇಂಥ ಷರತ್ತಿನ ಮೇಲೆ ಇರಲು ಅನುಮತಿ. ಪಿಆರ್ ಎಂದರೆ ಕಾಯಂ ವಾಸ; ಗ್ರೀನ್ ಕಾರ್ಡ್ ಎನ್ನುವುದು ಅದರ ಅಮೆರಿಕದ ಹೆಸರು. ಪೌರತ್ವ ಇವೆಲ್ಲವನ್ನೂ ದಾಟಿದ ಮೇಲಿನ ಮಾತು. ಅಮೆರಿಕದಲ್ಲಿ ಪ್ರಜೆಯೊಬ್ಬರ ಜೊತೆ ದಾಂಪತ್ಯದಲ್ಲಿ ಬಾಳುತ್ತಿರುವ ಗ್ರೀನ್ ಕಾರ್ಡ್‌ದಾರರು 3 ವರ್ಷದ ನಂತರ ಪೌರತ್ವಕ್ಕೆ ಅರ್ಜಿ ಹಾಕಬಹುದು, ಉಳಿದವರು ಸಾಮಾನ್ಯವಾಗಿ 5 ವರ್ಷ ಕಾಯಬೇಕು. ಕಾಯಂ ವಾಸ ಸಿಕ್ಕಿತೆಂದು ವರ್ಷಗಟ್ಟಲೆ ಹೊರಗೇ ಉಳಿದರೆ ಅದನ್ನು ಕಳೆದುಕೊಳ್ಳುವ ಸಾಧ್ಯತೆಯಿದೆ. ಪೌರತ್ವಕ್ಕೆ ಆ ಭಯ ಸಾಮಾನ್ಯವಾಗಿ ಇರುವುದಿಲ್ಲ.

ನಾನು ಆ ದೇಶದ ಪ್ರಜೆ ಅಲ್ಲ, ಕೆಲಸದ ಮೇಲೆ ಇದ್ದೇನೆ. ನಾನು ಗಂಡನನ್ನು ಕರೆಸಿಕೊಳ್ಳಬಹುದಾ?

ಹೆಚ್ಚಿನ ದೇಶಗಳಲ್ಲಿ ಕರೆಸಿಕೊಳ್ಳಬಹುದು, ಆದರೆ ನಿಮ್ಮ ಪರವಾನಗಿಗೆ ಅವರ ಪರವಾನಗಿಯ ಗಂಟು ಬಿದ್ದಿರುತ್ತದೆ: ನಿಮ್ಮದು ಮುಗಿದ ದಿನ ಅವರದೂ ಮುಗಿಯುತ್ತದೆ. ಹೊರಡುವ ಮೊದಲು ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆ, ಅಲ್ಲಿ ಅವರು ದುಡಿಯಬಹುದೇ ಎಂಬುದು. ಜರ್ಮನಿಯಲ್ಲಿ ಕುಟುಂಬದ ಪರವಾನಗಿಯಲ್ಲಿ ಬಂದ ಸಂಗಾತಿ ಮೊದಲ ದಿನದಿಂದಲೇ ಕೆಲಸ ಮಾಡಬಹುದು. ಎಚ್-1ಬಿ ಎಂಬ ಕೆಲಸದ ವೀಸಾದವರ ಸಂಗಾತಿಗೆ ಅಮೆರಿಕ ಕೊಡುವ ಎಚ್-4 ವೀಸಾದಲ್ಲಿ ಹಾಗಲ್ಲ. ಎಚ್-1ಬಿ ಸಂಗಾತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದವರಿಗಷ್ಟೇ 2015ರಿಂದ ಕೆಲಸದ ಅನುಮತಿ ಸಿಗುತ್ತಿದೆ. ವೃತ್ತಿಯಲ್ಲಿ ಚೆನ್ನಾಗಿ ಬೆಳೆದವರು ಮನೆಯಲ್ಲಿ ಕೂರಬೇಕಾಗಿ ಬಂದಾಗ ದಾಂಪತ್ಯದ ಮೇಲೆ ಬೀಳುವ ಭಾರವನ್ನು ಯಾವ ಅರ್ಜಿಯ ನಮೂನೆಯೂ ಕೇಳುವುದಿಲ್ಲ, ನೀವೇ ಕೇಳಿಕೊಳ್ಳಬೇಕು.

ಮದುವೆಯಾಗಿ ಹೋಗುವುದು ಒಳ್ಳೆಯದೋ, ಹೋಗಿ ಮದುವೆಯಾಗುವುದೋ?

ಎರಡಕ್ಕೂ ದಾರಿಗಳಿವೆ. ಅಮೆರಿಕದ ಕೆ-1 ವೀಸಾ ನಿಶ್ಚಿತಾರ್ಥವಾದವರಿಗಾಗಿ ಇರುವಂಥದ್ದು: ಅರ್ಜಿ ಹಾಕುವುದಕ್ಕೆ ಮುಂಚಿನ 2 ವರ್ಷಗಳಲ್ಲಿ ಇಬ್ಬರೂ ಮುಖಾಮುಖಿ ಭೇಟಿಯಾಗಿರಬೇಕು, ಬಂದ ಮೇಲೆ 90 ದಿನದೊಳಗೆ ಅರ್ಜಿ ಹಾಕಿದ ಆ ಪ್ರಜೆಯನ್ನೇ ಮದುವೆಯಾಗಬೇಕು. ಬ್ರಿಟನ್ನಿನ ಇಂಥದೇ ವೀಸಾ 6 ತಿಂಗಳದ್ದು, ಆ ಅವಧಿಯಲ್ಲಿ ಕೆಲಸ ಮಾಡುವಂತಿಲ್ಲ. ಎರಡರಲ್ಲೂ ಮದುವೆಯ ನಂತರ ಮತ್ತೊಮ್ಮೆ ಪೂರ್ಣ ಅರ್ಜಿ, ಮತ್ತೊಮ್ಮೆ ಶುಲ್ಕ. ಬೇರೆ ತೊಡಕಿಲ್ಲದಿದ್ದರೆ ಮದುವೆಯಾಗಿ ಅರ್ಜಿ ಹಾಕುವುದೇ ಹಗುರ ಎಂಬುದು ನನ್ನ ಅಭಿಪ್ರಾಯ.

ಟೂರಿಸ್ಟ್ ವೀಸಾದಲ್ಲಿ ಹೋಗಿ ಅಲ್ಲೇ ಅರ್ಜಿ ಹಾಕಿದರೆ ಬೇಗ ಆಗುತ್ತದಂತೆ, ಹೌದಾ?

ಕೇಳಿದವರಿಗೆಲ್ಲ ಈ ಸಲಹೆಯನ್ನು ಯಾರೋ ಒಬ್ಬ ಪರಿಚಿತರು ಕೊಟ್ಟಿರುತ್ತಾರೆ, ಅದು ಆ ಪರಿಚಿತರ ವಿಷಯದಲ್ಲಿ ನಡೆದೂ ಇರುತ್ತದೆ. ಬ್ರಿಟನ್ನಿನಲ್ಲಿ ಪ್ರವಾಸಿಯಾಗಿ ಬಂದವರು ಅಲ್ಲಿದ್ದುಕೊಂಡೇ ಸಂಗಾತಿಯ ಪರವಾನಗಿಗೆ ಬದಲಾಗುವಂತಿಲ್ಲ. ಆಸ್ಟ್ರೇಲಿಯಾದಲ್ಲಿ ಒಳಗಿನಿಂದ ಹಾಕುವ 820 ಎಂಬ ವರ್ಗವೇ ಇದೆ, ಆದರೆ ನಿಮ್ಮ ಪ್ರವಾಸಿ ವೀಸಾದ ಮೇಲೆ, ಇಲ್ಲಿದ್ದುಕೊಂಡು ಮುಂದೆ ಉಳಿಯಲು ಕೇಳುವಂತಿಲ್ಲ ಎನ್ನುವ 8503 ಎಂಬ ಷರತ್ತು ಬಿದ್ದಿದ್ದರೆ ಆ ಬಾಗಿಲು ಮುಚ್ಚಿದಂತೆ. ಅಮೆರಿಕದಲ್ಲಿ ಪ್ರಜೆಯ ಸಂಗಾತಿ ಕಾನೂನುಬದ್ಧವಾಗಿ ಒಳಬಂದಿದ್ದರೆ ಅಲ್ಲೇ ಅರ್ಜಿ ಹಾಕಬಹುದು; ಆದರೆ ಉಳಿಯುವ ಉದ್ದೇಶವನ್ನು ಮುಚ್ಚಿಟ್ಟು "ಸುತ್ತಾಡಲು ಬಂದೆ" ಎಂದು ಗಡಿಯಲ್ಲಿ ಹೇಳಿದ್ದು ಸಾಬೀತಾದರೆ ಅದು ಸುಳ್ಳು ಹೇಳಿಕೆಯಾಗಿ ಜೀವಮಾನದ ನಿಷೇಧಕ್ಕೂ ಕಾರಣವಾಗಬಹುದು. ಅವಧಿ ಮೀರಿ ಉಳಿದವರಿಗೆ ಇನ್ನೊಂದು ಗುಂಡಿಯಿದೆ: 180 ದಿನಕ್ಕೂ ಹೆಚ್ಚು ಅನಧಿಕೃತವಾಗಿದ್ದು ಹೊರಹೋದವರಿಗೆ 3 ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಇದ್ದವರಿಗೆ 10 ವರ್ಷ ಮರುಪ್ರವೇಶವಿಲ್ಲ. ಈ ನಿಷೇಧ ತಗಲುವುದು ದೇಶ ಬಿಟ್ಟ ಕ್ಷಣದಲ್ಲಿ, ಆದ್ದರಿಂದ ಅಂಥವರು ವಕೀಲರನ್ನು ಕೇಳದೆ ವಿಮಾನ ಹತ್ತಬಾರದು.

## ಕಾಗದ, ಹಣ, ಭಾಷೆ

ಶಾಸ್ತ್ರೋಕ್ತವಾಗಿ ಮದುವೆಯಾಗಿದೆ, ಫೋಟೋಗಳಿವೆ. ಸಾಕಲ್ಲ?

ಸಾಲದು. ಬಹುತೇಕ ದೇಶಗಳು ಕೇಳುವ ಮೊದಲ ಪ್ರಶ್ನೆ, ಮದುವೆ ನಡೆದ ಜಾಗದ ಕಾನೂನಿನ ಪ್ರಕಾರ ಅದು ಮದುವೆಯೇ ಎಂಬುದು. ಅದಕ್ಕೆ ಸಾಕ್ಷಿ ನೋಂದಣಿ ಪ್ರಮಾಣಪತ್ರವೇ ಹೊರತು ಆಲ್ಬಮ್ ಅಲ್ಲ. ಇನ್ನೊಂದು ದೇಶ ಆ ಪತ್ರವನ್ನು ನಂಬುವಂತೆ ಮಾಡಲು, 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಅಪೊಸ್ಟೀಲ್ ಎಂಬ ಒಂದೇ ಮುದ್ರೆ ಸಾಕಾಗುತ್ತದೆ; ಕೆನಡಾ ಕೂಡ 2024ರ ಜನವರಿಯಲ್ಲಿ ಈ ವ್ಯವಸ್ಥೆಗೆ ಬಂತು. ಒಪ್ಪಂದದ ಹೊರಗಿನ ದೇಶಗಳಿಗಾದರೆ ವಿದೇಶಾಂಗ ಇಲಾಖೆ, ಆಮೇಲೆ ರಾಯಭಾರ ಕಚೇರಿ ಎಂದು ಸರಪಳಿಯಂತೆ ದೃಢೀಕರಣ ಮಾಡಿಸಬೇಕು. ಒಬ್ಬರು ಹಾಜರಿಲ್ಲದೆ ಫೋನಿನಲ್ಲೋ ಅಂತರ್ಜಾಲದಲ್ಲೋ ನಡೆದ ಮದುವೆಯನ್ನು ಕೆನಡಾ 2015ರಿಂದ ಪ್ರಾಯೋಜನೆಗೆ, ಅಂದರೆ ಅಲ್ಲಿರುವವರು ತಮ್ಮ ಹೊಣೆಯ ಮೇಲೆ ಸಂಗಾತಿಯನ್ನು ಕರೆಸಿಕೊಳ್ಳುವುದಕ್ಕೆ, ಪರಿಗಣಿಸುವುದಿಲ್ಲ. ಇಬ್ಬರಲ್ಲಿ ಯಾರಿಗಾದರೂ ಇದು ಎರಡನೆಯ ಮದುವೆಯಾಗಿದ್ದರೆ ಹಿಂದಿನದು ಮುಗಿದದ್ದಕ್ಕೆ ವಿಚ್ಛೇದನದ ಅಂತಿಮ ಆದೇಶವೋ ಮರಣ ಪ್ರಮಾಣಪತ್ರವೋ ಬೇಕು, ಮತ್ತು ಅದರ ದಿನಾಂಕ ಹೊಸ ಮದುವೆಗಿಂತ ಹಿಂದಿನದಾಗಿರಬೇಕು. ಒಂದು ದಿನ ಹೆಚ್ಚುಕಡಿಮೆಯಾದರೂ ಇಡೀ ಅರ್ಜಿಯ ಬುಡವೇ ಅಲುಗುತ್ತದೆ.

ಪಾಸ್‌ಪೋರ್ಟಿನಲ್ಲಿ ಒಂದು ಕಾಗುಣಿತ, ಮದುವೆ ಪತ್ರದಲ್ಲಿ ಇನ್ನೊಂದು. ಏನು ಮಾಡಲಿ?

ಸಮಯವಿದ್ದರೆ ತಿದ್ದಿಸಿ; ಇಲ್ಲದಿದ್ದರೆ ಎರಡೂ ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರವನ್ನು ನೀವಾಗಿಯೇ ಲಗತ್ತಿಸಿ. ಅಧಿಕಾರಿ ಕಂಡುಹಿಡಿದು ಕೇಳುವವರೆಗೆ ಕಾಯಬೇಡಿ.

ವರಮಾನ ಎಷ್ಟಿರಬೇಕು? ಇಬ್ಬರದೂ ಸೇರಿಸಬಹುದಾ?

ಅತಿ ಹೆಚ್ಚು ಅರ್ಜಿಗಳು ಎಡವುವ ಮೆಟ್ಟಿಲು ಇದೆಂದೇ ನನಗೆ ಅನ್ನಿಸುತ್ತದೆ. ಬ್ರಿಟನ್ನಿನಲ್ಲಿ 2012ರಿಂದ ವರ್ಷಕ್ಕೆ 18,600 ಪೌಂಡ್ ಇದ್ದ ಕನಿಷ್ಠ ವರಮಾನವನ್ನು 2024ರ ಏಪ್ರಿಲ್ 11ರಿಂದ ಹೊಸ ಅರ್ಜಿದಾರರಿಗೆ 29,000 ಪೌಂಡ್‌ಗೆ ಏರಿಸಲಾಯಿತು. ಹೊರದೇಶದಿಂದ ಅರ್ಜಿ ಹಾಕುವಾಗ ಅಲ್ಲಿರುವ ಸಂಗಾತಿಯ ಸಂಬಳವಷ್ಟೇ ಲೆಕ್ಕಕ್ಕೆ. ಬರುವವರು ತಮ್ಮ ಊರಿನಲ್ಲಿ ಅದರ ಎರಡರಷ್ಟು ದುಡಿಯುತ್ತಿದ್ದರೂ ಅದು ಸೇರುವುದಿಲ್ಲ. ವರಮಾನವೇ ಇಲ್ಲದವರು ಉಳಿತಾಯದ ಮೇಲೆ ಹೋಗುವುದಾದರೆ 88,500 ಪೌಂಡ್ 6 ತಿಂಗಳು ಖಾತೆಯಲ್ಲಿ ಕೂತಿರಬೇಕು. ಅರ್ಜಿಯ ಹಿಂದಿನ ವಾರ ಬಂಧುಗಳಿಂದ ಬಂದ ದೊಡ್ಡ ಮೊತ್ತ ಇಲ್ಲಿ ಉಪಕಾರಕ್ಕೆ ಬರುವುದಿಲ್ಲ.

ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಪ್ರಾಯೋಜಕರು ಐ-864 ಎಂಬ ಮುಚ್ಚಳಿಕೆಗೆ ಸಹಿ ಹಾಕಿ, ಮನೆಯ ಸದಸ್ಯರ ಸಂಖ್ಯೆಗೆ ತಕ್ಕಂತೆ ಸರ್ಕಾರ ಪ್ರಕಟಿಸುವ ಬಡತನದ ರೇಖೆಯ ಶೇ. 125ರಷ್ಟು ವರಮಾನ ತೋರಿಸಬೇಕು. ಸಾಲದಿದ್ದರೆ ಇನ್ನೊಬ್ಬರು ಜಂಟಿ ಪ್ರಾಯೋಜಕರಾಗಿ ನಿಲ್ಲಬಹುದು. ಕೆನಡಾದಲ್ಲಿ ಸಂಗಾತಿಯ ವಿಷಯದಲ್ಲಿ ಸಾಮಾನ್ಯವಾಗಿ ಕನಿಷ್ಠ ವರಮಾನದ ಅಂಕಿಯೇ ಇಲ್ಲ, ಆದರೆ 3 ವರ್ಷ ಪೋಷಿಸುವ ಹೊಣೆ ಬರಹದಲ್ಲಿ ಹೊರಬೇಕು. ಆಸ್ಟ್ರೇಲಿಯಾದಲ್ಲಿ ವರಮಾನಕ್ಕಿಂತ ಶುಲ್ಕವೇ ಬೆವರಿಳಿಸುತ್ತದೆ: ಅದು 9,000 ಆಸ್ಟ್ರೇಲಿಯನ್ ಡಾಲರ್ ದಾಟಿದೆ, ಅರ್ಜಿ ತಿರಸ್ಕೃತವಾದರೆ ವಾಪಸಾಗುವುದಿಲ್ಲ.

ಭಾಷೆಯ ಪರೀಕ್ಷೆ ಬರೆಯಲೇಬೇಕಾ?

ಅಮೆರಿಕ, ಕೆನಡಾಗಳಲ್ಲಿ ಸಂಗಾತಿಗೆ ಮೊದಲ ಹಂತದಲ್ಲಿ ಭಾಷಾ ಪರೀಕ್ಷೆಯಿಲ್ಲ. ಬ್ರಿಟನ್ನಿನಲ್ಲಿ, ಯುರೋಪಿನ ಭಾಷಾ ಮಟ್ಟಗಳ ಅಳತೆಯಲ್ಲಿ, ಬರುವಾಗ ಎ1 (ತೀರಾ ಆರಂಭಿಕ ಮಟ್ಟ), ನವೀಕರಣಕ್ಕೆ ಎ2, ಕಾಯಂ ವಾಸಕ್ಕೆ ಬಿ1 ಎಂದು ಮೆಟ್ಟಿಲು ಏರುತ್ತದೆ. ಜರ್ಮನಿ 2007ರಿಂದ ಹೊರಡುವ ಮುಂಚೆಯೇ ಎ1 ಜರ್ಮನ್ ಕೇಳುತ್ತಿದೆ. ನೆದರ್‌ಲ್ಯಾಂಡ್ಸ್ 2006ರಿಂದ ತನ್ನ ರಾಯಭಾರ ಕಚೇರಿಗಳಲ್ಲಿ ಭಾಷೆಯ ಜೊತೆ ಸಮಾಜದ ಬಗೆಗಿನ ಪರೀಕ್ಷೆಯನ್ನೂ ನಡೆಸುತ್ತಿದೆ. ಜರ್ಮನಿಯಲ್ಲಿ ಬ್ಲೂ ಕಾರ್ಡ್ (ಉನ್ನತ ಅರ್ಹತೆಯ ಉದ್ಯೋಗಿಗಳಿಗೆ ಕೊಡುವ ಪರವಾನಗಿ) ಇರುವವರ ಸಂಗಾತಿಗೆ ಎ1 ಬೇಡ. ಈ ವಿನಾಯಿತಿ ಗೊತ್ತಿಲ್ಲದೆ ಆರು ತಿಂಗಳು ತರಗತಿಗೆ ಹೋದವರೂ ಇದ್ದಾರೆ. ಕಲಿತದ್ದು ವ್ಯರ್ಥವಾಗಲಿಲ್ಲ, ದೂರವಿದ್ದ ಆರು ತಿಂಗಳು ಮಾತ್ರ ವ್ಯರ್ಥವಾಯಿತು.

## ದಾಂಪತ್ಯ ನಿಜವೆಂದು ತೋರಿಸುವುದು

ನಮ್ಮ ಸಂಬಂಧ ನಿಜವಾದದ್ದು ಅಂತ ಕಾಗದದಲ್ಲಿ ಹೇಗೆ ತೋರಿಸೋದು?

ಆಸ್ಟ್ರೇಲಿಯಾದ ಕಾನೂನು ಈ ಪ್ರಶ್ನೆಯನ್ನು ನಾಲ್ಕು ಭಾಗ ಮಾಡಿ ನೋಡುತ್ತದೆ: ಹಣದ ವ್ಯವಹಾರ, ಮನೆಯ ನಿರ್ವಹಣೆ, ಸಮಾಜದಲ್ಲಿ ನೀವು ಜೋಡಿಯಾಗಿ ಕಾಣಿಸಿಕೊಂಡ ಬಗೆ, ಒಬ್ಬರಿಗೊಬ್ಬರು ಇರುವ ಬದ್ಧತೆ. ಬೇರೆ ದೇಶಕ್ಕೆ ಅರ್ಜಿ ಹಾಕುವವರಿಗೂ ನಾನು ಇದೇ ಚೌಕಟ್ಟನ್ನು ಸೂಚಿಸುತ್ತೇನೆ, ಏಕೆಂದರೆ ಯಾವ ಮೂಲೆ ಖಾಲಿಯಿದೆ ಎಂಬುದು ಥಟ್ಟನೆ ಕಾಣುತ್ತದೆ.

ಒಮ್ಮೆ ಒಬ್ಬರು ನನಗೆ ತೋರಿಸಿದ ಕಡತದಲ್ಲಿ ವಾಟ್ಸ್‌ಆ್ಯಪ್ ಸಂದೇಶಗಳದೇ ನಾನೂರು ಪುಟಗಳಿದ್ದವು: ಶುಭೋದಯ, ಊಟ ಆಯ್ತಾ, ಶುಭರಾತ್ರಿ, ಮತ್ತೆ ಶುಭೋದಯ. ಅಷ್ಟನ್ನು ಯಾವ ಅಧಿಕಾರಿಯೂ ಓದುವುದಿಲ್ಲ. ಆ ರಾಶಿಯ ನಡುವೆ ಮೂರು ಹಾಳೆಗಳು ಹೂತುಹೋಗಿದ್ದವು: ಹೆಂಡತಿಯ ಶಸ್ತ್ರಚಿಕಿತ್ಸೆಯ ದಿನ ಗಂಡ ತುಂಬಿದ ಆಸ್ಪತ್ರೆಯ ಬಿಲ್, ಅದರ ಹಿಂದಿನ ರಾತ್ರಿ ಆತ ವಿಮಾನ ಹತ್ತಿದ ಬೋರ್ಡಿಂಗ್ ಪಾಸ್, ವಿಮೆಯಲ್ಲಿ ಆಕೆಯ ಹೆಸರನ್ನು ನಾಮಿನಿಯಾಗಿ ಸೇರಿಸಿದ ಪತ್ರ. ಆ ಮೂರೇ ಹಾಳೆ ನಾನೂರು ಪುಟಗಳಿಗಿಂತ ಹೆಚ್ಚು ಮಾತಾಡುತ್ತಿದ್ದವು. ಸಂದೇಶಗಳನ್ನು ತಿಂಗಳಿಗೆ ಒಂದೆರಡು ಪುಟದಂತೆ ಆಯ್ದು, ಅವುಗಳ ಮುಂದೆ ದಿನಾಂಕವಾರು ಒಂದು ಪುಟದ ಸಂಬಂಧದ ಕಥೆಯನ್ನಿಟ್ಟರೆ ಓದುವವರಿಗೆ ದಾರಿ ಸಿಗುತ್ತದೆ.

ಬೇರೆ ಬೇರೆ ದೇಶಗಳಲ್ಲಿ ಇರುವವರಿಗೆ ಜಂಟಿ ಖಾತೆ, ಜಂಟಿ ಬಾಡಿಗೆ ಕರಾರು ಇರಲು ಸಾಧ್ಯವಿಲ್ಲ ಎಂಬುದು ಅಧಿಕಾರಿಗಳಿಗೂ ಗೊತ್ತು. ಅಂಥವರು ಭೇಟಿಗಳ ದಾಖಲೆ, ಹಣ ಕಳುಹಿಸಿದ ರಸೀದಿ, ಮುಂದೆ ಎಲ್ಲಿ ವಾಸಿಸುವಿರಿ ಎಂಬುದರ ಸಿದ್ಧತೆ ಇವುಗಳ ಮೇಲೆ ಒತ್ತು ಕೊಡಬೇಕು.

ನಮ್ಮದು ಹಿರಿಯರು ನೋಡಿ ಮಾಡಿದ ಮದುವೆ. ಮೊದಲು ಮೂರೇ ಸಲ ಭೇಟಿಯಾದದ್ದು. ಅನುಮಾನ ಪಡುತ್ತಾರಾ?

ಹಿಂದೆ ಪಡುತ್ತಿದ್ದರು. ಬ್ರಿಟನ್ನಿನಲ್ಲಿ, ಮದುವೆಯ ಮುಖ್ಯ ಉದ್ದೇಶ ದೇಶದೊಳಕ್ಕೆ ಬರುವುದಲ್ಲ ಎಂದು ಅರ್ಜಿದಾರರೇ ಸಾಬೀತು ಮಾಡಬೇಕೆಂಬ ನಿಯಮವಿತ್ತು; ಅದರ ಏಟು ಹೆಚ್ಚಾಗಿ ಬಿದ್ದದ್ದು ದಕ್ಷಿಣ ಏಷ್ಯಾದ ದಂಪತಿಗಳಿಗೆ. 1997ರ ಜೂನ್‌ನಲ್ಲಿ ಅದು ರದ್ದಾಯಿತು. ಇಂದು ಅಲ್ಲಿ ಕೇಳುವುದು ಇಬ್ಬರೂ ಮುಖಾಮುಖಿ ಭೇಟಿಯಾಗಿದ್ದೀರಾ, ಒಟ್ಟಿಗೆ ಬಾಳುವ ಉದ್ದೇಶವಿದೆಯೇ ಎಂದು. ಹಿರಿಯರು ಕೂಡಿಸಿದ ಮದುವೆ ಅಧಿಕಾರಿಗಳಿಗೆ ಹೊಸದಲ್ಲ. ತೊಂದರೆ ಮಾಡಿಕೊಳ್ಳುವುದು ಅದನ್ನು ಪ್ರೇಮಕಥೆಯಂತೆ ಬಣ್ಣ ಹಚ್ಚಿ ಬರೆಯುವವರು. ಯಾರು ಪ್ರಸ್ತಾಪ ತಂದರು, ಮೊದಲ ಭೇಟಿಯಲ್ಲಿ ಯಾರಿದ್ದರು, ನಿರ್ಧಾರ ಹೇಗಾಯಿತು ಎಂಬುದನ್ನು ಇದ್ದಂತೆಯೇ ಬರೆದು, ಮದುವೆಯ ನಂತರ ಬೆಳೆದ ಒಡನಾಟವನ್ನು ದಾಖಲೆಯಲ್ಲಿ ತೋರಿಸಿ.

ಸಂದರ್ಶನದಲ್ಲಿ ಹಾಸಿಗೆಯ ಯಾವ ಬದಿ ಮಲಗುತ್ತೀರಿ ಅಂತೆಲ್ಲ ಕೇಳುತ್ತಾರಂತೆ?

ಕೇಳಬಹುದು, ಆದರೆ ಅದು ಎಲ್ಲರಿಗೂ ಅಲ್ಲ. ಅಮೆರಿಕದಲ್ಲಿ ಸಂಶಯ ಬಂದ ಪ್ರಕರಣಗಳಲ್ಲಿ ಸ್ಟೋಕ್ಸ್ ಸಂದರ್ಶನ ಎಂಬುದೊಂದಿದೆ: ಗಂಡಹೆಂಡಿರನ್ನು ಬೇರೆ ಬೇರೆ ಕೂರಿಸಿ, ಒಂದೇ ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ತಾಳೆ ನೋಡುತ್ತಾರೆ. ಬೆಳಿಗ್ಗೆ ಮೊದಲು ಏಳುವವರು ಯಾರು, ಕಸದ ಬುಟ್ಟಿ ಯಾರು ಹೊರಗಿಡುತ್ತಾರೆ, ನಿನ್ನೆ ರಾತ್ರಿ ಏನು ಅಡುಗೆ. ಜಪಾನ್ ಇದನ್ನು ಅರ್ಜಿಯ ಹಂತದಲ್ಲೇ ಲಿಖಿತ ಪ್ರಶ್ನಾವಳಿಯಾಗಿ ಕೇಳುತ್ತದೆ: ಯಾರು ಪರಿಚಯಿಸಿದರು, ನಿಮ್ಮಿಬ್ಬರ ನಡುವೆ ನಡೆಯುವ ಭಾಷೆ ಯಾವುದು, ಅರ್ಥವಾಗದಾಗ ಏನು ಮಾಡುತ್ತೀರಿ. ಉತ್ತರ ಉರುಹೊಡೆಯಬೇಡಿ. ನೆನಪಿಲ್ಲದಿದ್ದರೆ ನೆನಪಿಲ್ಲ ಎನ್ನಿ; ಮೊದಲ ಭೇಟಿಯ ತಾರೀಖು ನೆನಪಿಲ್ಲದ ಗಂಡಸರು ಲೋಕದಲ್ಲಿ ಎಷ್ಟಿದ್ದಾರೆಂದು ಅಧಿಕಾರಿಗಳಿಗೆ ಚೆನ್ನಾಗಿ ಗೊತ್ತು. ಆದರೆ ಅರ್ಜಿಯಲ್ಲಿ ಬರೆದ ತಾರೀಖಿಗೂ ಬಾಯಲ್ಲಿ ಖಚಿತವಾಗಿ ಹೇಳಿದ ತಾರೀಖಿಗೂ ವ್ಯತ್ಯಾಸ ಬರಬಾರದು, ಹೀಗಾಗಿ ಸಲ್ಲಿಸಿದ ಅರ್ಜಿಯ ಪ್ರತಿಯನ್ನು ಹಿಂದಿನ ದಿನ ಒಮ್ಮೆ ಓದಿಕೊಳ್ಳಿ.

ಕಾಗದದ ಮೇಲೆ ಮಾತ್ರ ಮದುವೆಯಾಗಿ, ಆಮೇಲೆ ಬಿಟ್ಟರೆ?

ಅದು ಅಪರಾಧ. ಅಮೆರಿಕದಲ್ಲಿ 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡವಿದೆ. ವಂಚನೆಯೆಂದು ಒಮ್ಮೆ ದಾಖಲಾದರೆ ಮುಂದೆ ನಿಜವಾದ ಮದುವೆಯಾದರೂ ಆ ಸಂಗಾತಿಯ ಅರ್ಜಿ ಮಂಜೂರಾಗುವುದಿಲ್ಲ. ದಾರಿ ತೋರಿಸುತ್ತೇನೆ ಎಂದು ದುಡ್ಡು ಕೇಳುವ ದಲ್ಲಾಳಿ ಆ ಹೊತ್ತಿಗೆ ಫೋನ್ ಎತ್ತುವುದಿಲ್ಲ.

## ಸಿಕ್ಕಿನ ಪ್ರಶ್ನೆಗಳು

ಮದುವೆಯಾಗಿಲ್ಲ, ಒಟ್ಟಿಗೆ ಇದ್ದೇವೆ. ನಮ್ಮಿಬ್ಬರದೂ ಒಂದೇ ಲಿಂಗ. ನಮಗೆ ದಾರಿ ಇದೆಯಾ?

ಕೆನಡಾ ಒಂದು ವರ್ಷ ಒಟ್ಟಿಗೆ ಬಾಳಿದವರನ್ನು ಸಂಗಾತಿಗಳೆಂದು ಒಪ್ಪುತ್ತದೆ. ಕಾನೂನಿನ ಅಡ್ಡಿಯಿಂದ ಮದುವೆಯಾಗಲೂ ಒಟ್ಟಿಗಿರಲೂ ಆಗದವರಿಗೆ ಅಲ್ಲಿ ಪ್ರತ್ಯೇಕ ವರ್ಗವೇ ಇದೆ. ಆಸ್ಟ್ರೇಲಿಯಾ ಸಾಮಾನ್ಯವಾಗಿ 12 ತಿಂಗಳು, ಬ್ರಿಟನ್ 2 ವರ್ಷದ ಸಂಬಂಧ ಕೇಳುತ್ತವೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಮದುವೆಯೇ ಬೇಕು, ಆದರೆ 2013ರ ಜೂನ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸಲಿಂಗ ವಿವಾಹಕ್ಕೂ ಅದೇ ನಿಯಮ. ಮದುವೆ ಅದನ್ನು ಮಾನ್ಯಮಾಡುವ ಜಾಗದಲ್ಲಿ ನಡೆದಿರಬೇಕು ಅಷ್ಟೆ. ಯುರೋಪಿಯನ್ ಒಕ್ಕೂಟದ ನ್ಯಾಯಾಲಯವೂ 2018ರ ಕೋಮನ್ ಪ್ರಕರಣದಲ್ಲಿ, ಒಕ್ಕೂಟದ ಪ್ರಜೆಗಳು ಅದರ ದೇಶಗಳ ನಡುವೆ ಹೋಗಿ ನೆಲೆಸುವ ಮುಕ್ತ ಸಂಚಾರದ ಕಾನೂನಿನಲ್ಲಿರುವ ಸಂಗಾತಿ ಎಂಬ ಪದಕ್ಕೆ ಲಿಂಗದ ಹಂಗಿಲ್ಲ ಎಂದು ಹೇಳಿತು.

ಗ್ರೀನ್ ಕಾರ್ಡ್ ಬಂತು, ಆದರೆ ಎರಡೇ ವರ್ಷಕ್ಕೆ ಅಂತ ಬರೆದಿದೆ. ಯಾಕೆ?

ಕಾರ್ಡ್ ಸಿಕ್ಕ ದಿನಕ್ಕೆ ಮದುವೆಯಾಗಿ 2 ವರ್ಷ ತುಂಬಿರದಿದ್ದರೆ ಅಮೆರಿಕ ಕೊಡುವುದು ಷರತ್ತಿನ ವಾಸ. 1986ರ ಕಾಯ್ದೆಯಿಂದ ಬಂದ ಪದ್ಧತಿ ಅದು. ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಇಬ್ಬರೂ ಸೇರಿ ಐ-751 ಅರ್ಜಿ ಹಾಕಿ ಷರತ್ತು ತೆಗೆಸಬೇಕು. ಆ ಕಿಟಕಿಯನ್ನು ಮರೆತರೆ ವಾಸದ ಹಕ್ಕೇ ಹೋಗುವ ಅಪಾಯವಿದೆ, ನೆನಪೋಲೆ ಬರುತ್ತದೆಂದು ಕಾಯಬೇಡಿ. ಕೆನಡಾವೂ 2012ರಲ್ಲಿ ಇಂಥದೇ 2 ವರ್ಷದ ಷರತ್ತು ತಂದಿತ್ತು. ಅದು ಹಿಂಸೆಯ ಮನೆಯಲ್ಲಿ ಜನರನ್ನು ಕಟ್ಟಿಹಾಕುತ್ತದೆ ಎಂಬ ಟೀಕೆಯ ನಂತರ 2017ರಲ್ಲಿ ಕೈಬಿಟ್ಟಿತು.

ಮದುವೆ ಮುರಿದರೆ ವಾಪಸ್ ಕಳಿಸುತ್ತಾರಾ? ಹೊಡೆಯುವ ಗಂಡನ ಜೊತೆ ಪಿಆರ್‌ಗಾಗಿ ಇರಲೇಬೇಕಾ?

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಇರಬೇಕಾಗಿಲ್ಲ. ಅಮೆರಿಕದಲ್ಲಿ 1994ರ ಕಾನೂನಿನಡಿ ದೌರ್ಜನ್ಯಕ್ಕೆ ಒಳಗಾದ ಸಂಗಾತಿ ಗಂಡನಿಗೆ ತಿಳಿಯದಂತೆ ಸ್ವತಃ ಅರ್ಜಿ ಹಾಕಬಹುದು. ಬ್ರಿಟನ್ನಿನಲ್ಲಿ ಸಂಗಾತಿಯ ಪರವಾನಗಿಯಲ್ಲಿರುವವರು ದೌರ್ಜನ್ಯದ ಆಧಾರದ ಮೇಲೆ 5 ವರ್ಷ ಕಾಯದೆ ಕಾಯಂ ವಾಸ ಕೇಳಬಹುದು. ಆಸ್ಟ್ರೇಲಿಯಾದಲ್ಲೂ ಜರ್ಮನಿಯಲ್ಲೂ ಇಂಥ ರಕ್ಷಣೆ ಇದೆ. "ನಿನ್ನ ವೀಸಾ ನನ್ನ ಕೈಯಲ್ಲಿದೆ" ಎಂಬ ಬೆದರಿಕೆಯ ಬಲವೆಲ್ಲ ಈ ಮಾಹಿತಿ ಗೊತ್ತಿಲ್ಲದಿರುವುದರಲ್ಲೇ ಇದೆ. ಪಾಸ್‌ಪೋರ್ಟ್, ಮದುವೆ ಪತ್ರ, ಪರವಾನಗಿಗಳ ಫೋಟೋ ತೆಗೆದು ನಿಮಗೊಬ್ಬರಿಗೇ ತೆರೆಯಬಲ್ಲ ಇಮೇಲಿನಲ್ಲಿ ಇಟ್ಟುಕೊಳ್ಳಿ. ವೈದ್ಯರ ಚೀಟಿ, ಪೊಲೀಸ್ ದೂರು, ಸಂದೇಶಗಳು ಮುಂದೆ ಸಾಕ್ಷಿಯಾಗುತ್ತವೆ.

ಹಿಂಸೆಯಿಲ್ಲದೆ ಬೇರೆಯಾದವರಿಗೆ ಉತ್ತರ ಕಾಲದ ಮೇಲೆ ನಿಲ್ಲುತ್ತದೆ. ಜರ್ಮನಿಯಲ್ಲಿ 3 ವರ್ಷ ದಂಪತಿಗಳಾಗಿ ಒಟ್ಟಿಗೆ ಬಾಳಿದ್ದರೆ ಸ್ವತಂತ್ರ ಪರವಾನಗಿಗೆ ಅರ್ಹತೆ ಬರುತ್ತದೆ. ಅಮೆರಿಕದಲ್ಲಿ ಷರತ್ತಿನ ಅವಧಿಯಲ್ಲೇ ವಿಚ್ಛೇದನವಾದರೂ, ಮದುವೆಯಾದದ್ದು ಪ್ರಾಮಾಣಿಕವಾಗಿಯೇ ಎಂದು ತೋರಿಸಿ ಒಬ್ಬರೇ ಐ-751 ಸಲ್ಲಿಸಬಹುದು.

ವಿಚ್ಛೇದನವಾಯಿತು. ನಾನು ಸಹಿ ಹಾಕಿದ ಪ್ರಾಯೋಜನೆಯೂ ಅಲ್ಲಿಗೆ ಮುಗಿಯಿತಲ್ಲ?

ಮುಗಿಯಲಿಲ್ಲ. ಐ-864ರ ಹೊಣೆ, ಬಂದವರು ಪೌರತ್ವ ಪಡೆಯುವವರೆಗೆ, ಅಥವಾ ಅವರ ಲೆಕ್ಕಕ್ಕೆ 40 ತ್ರೈಮಾಸಿಕಗಳ ಕೆಲಸ ಸೇರುವವರೆಗೆ, ಅಥವಾ ಅವರು ಕಾಯಂ ವಾಸ ಬಿಟ್ಟು ದೇಶದಿಂದ ಹೋಗುವವರೆಗೆ, ಅಥವಾ ಇಬ್ಬರಲ್ಲಿ ಒಬ್ಬರು ಸಾಯುವವರೆಗೆ ನಡೆಯುತ್ತದೆ. ವಿಚ್ಛೇದನ ಈ ಪಟ್ಟಿಯಲ್ಲಿಲ್ಲ. ಉಪಕಾರಕ್ಕೆಂದು ಜಂಟಿ ಪ್ರಾಯೋಜಕರಾಗಿ ಸಹಿ ಹಾಕುವ ಸ್ನೇಹಿತರಿಗೆ ಇದನ್ನು ಮೊದಲೇ ತಿಳಿಸುವುದು ಮರ್ಯಾದೆ. ಕೆನಡಾದ 3 ವರ್ಷದ ಹೊಣೆಯೂ ಬೇರೆಯಾದ ಮಾತ್ರಕ್ಕೆ ತಪ್ಪುವುದಿಲ್ಲ. ಜೊತೆಗೆ, ಹೀಗೆ ಪ್ರಾಯೋಜನೆಯಿಂದ ಬಂದವರು ಮುಂದಿನ 5 ವರ್ಷ ಹೊಸ ಸಂಗಾತಿಯನ್ನು ಪ್ರಾಯೋಜಿಸುವಂತಿಲ್ಲ.

ಯುರೋಪಿನಲ್ಲಿ ಬೇರೆ ದೇಶಕ್ಕೆ ಹೋಗಿ ನೆಲೆಸಿದರೆ ಸುಲಭ ಅನ್ನುತ್ತಾರೆ. ಅದು ಹೇಗೆ?

ವಿಚಿತ್ರವೆನಿಸಿದರೂ ಅದು ನಿಜ. ಜರ್ಮನಿಯಲ್ಲೇ ಇರುವ ಜರ್ಮನ್ ಪ್ರಜೆಯ ಸಂಗಾತಿಗೆ ಜರ್ಮನಿಯ ಕಾನೂನು, ಅಂದರೆ ಎ1 ಪರೀಕ್ಷೆ. ಅದೇ ಬೀದಿಯಲ್ಲಿ ದುಡಿಯುತ್ತಿರುವ ಫ್ರೆಂಚ್ ಪ್ರಜೆಯ ಸಂಗಾತಿಗೆ ಯುರೋಪಿಯನ್ ಒಕ್ಕೂಟದ 2004/38 ನಿರ್ದೇಶನ ಅನ್ವಯ: ಶುಲ್ಕವಿಲ್ಲದ ವೀಸಾ, ಭಾಷಾ ಪರೀಕ್ಷೆಯಿಲ್ಲ, ಅರ್ಜಿಯಿಂದ 6 ತಿಂಗಳೊಳಗೆ ಸಾಮಾನ್ಯವಾಗಿ 5 ವರ್ಷದ ವಾಸದ ಕಾರ್ಡ್. ಒಕ್ಕೂಟದ ಪ್ರಜೆ ಬೇರೆ ಸದಸ್ಯ ದೇಶದಲ್ಲಿ ಕೆಲಸವನ್ನೋ ಸ್ವಂತ ಉದ್ಯೋಗವನ್ನೋ ಮಾಡುತ್ತಿರಬೇಕು, ಇಲ್ಲವೇ ಸಾಕಷ್ಟು ಹಣ ಮತ್ತು ಆರೋಗ್ಯ ವಿಮೆ ಹೊಂದಿರಬೇಕು.

ಇದರ ಮುಂದುವರಿಕೆ 1992ರ ಸುರಿಂದರ್ ಸಿಂಗ್ ತೀರ್ಪು. ಭಾರತೀಯ ಪ್ರಜೆಯಾದ ಅವರು ಬ್ರಿಟಿಷ್ ಹೆಂಡತಿಯೊಂದಿಗೆ 1983ರಿಂದ 1985ರವರೆಗೆ ಜರ್ಮನಿಯಲ್ಲಿ ದುಡಿದು ಬ್ರಿಟನ್ನಿಗೆ ಮರಳಿದ್ದರು. ಬೇರೆ ಸದಸ್ಯ ದೇಶದಲ್ಲಿ ದುಡಿದು ತನ್ನ ದೇಶಕ್ಕೆ ಮರಳುವ ಪ್ರಜೆಯ ಸಂಗಾತಿಗೂ ಒಕ್ಕೂಟದ ಹಕ್ಕೇ ಅನ್ವಯಿಸುತ್ತದೆ ಎಂದು ಯುರೋಪಿಯನ್ ನ್ಯಾಯಾಲಯ ಹೇಳಿತು. ಡೆನ್ಮಾರ್ಕ್ 2002ರಲ್ಲಿ ಇಬ್ಬರಿಗೂ 24 ವರ್ಷ ತುಂಬಿರಬೇಕೆಂಬ ನಿಯಮ ತಂದಾಗ ಎಷ್ಟೋ ಡೇನಿಷ್ ಯುವಕ ಯುವತಿಯರು ಸೇತುವೆ ದಾಟಿ ಸ್ವೀಡನ್ನಿನ ಮಾಲ್ಮೋದಲ್ಲಿ ಮನೆ ಮಾಡಿದ್ದೂ ಇದೇ ಕಾನೂನಿನ ನೆರಳಿನಲ್ಲಿ. ಮನೆ, ಕೆಲಸ, ಬದುಕು ನಿಜವಾಗಿಯೂ ಅಲ್ಲಿಗೆ ಸ್ಥಳಾಂತರವಾಗಿರಬೇಕು. ವಿಳಾಸ ಮಾತ್ರ ಬದಲಾದರೆ ಸಾಲದು. ಒಕ್ಕೂಟದಿಂದ ಹೊರಬಂದ ಬ್ರಿಟನ್ನಿಗೆ ಈ ದಾರಿ ಈಗ ಮುಚ್ಚಿದೆ.

ಅರ್ಜಿ ತಿರಸ್ಕಾರವಾಗಿದೆ. ಮೇಲ್ಮನವಿ ಹಾಕಲೋ, ಹೊಸದಾಗಿ ಅರ್ಜಿ ಹಾಕಲೋ?

ತಿರಸ್ಕಾರದ ಪತ್ರವನ್ನು ಎರಡು ಸಲ ಓದಿ, ಪ್ರತಿ ಕಾರಣದ ಮುಂದೆ ಒಂದು ಗುರುತು ಹಾಕಿ: ಇದು ನಾವು ಕೊಡದೆ ಬಿಟ್ಟದ್ದೋ, ಕೊಟ್ಟರೂ ಅವರು ನಂಬದೆ ಹೋದದ್ದೋ? ಒಂದು ಸಂಬಳದ ಚೀಟಿ ಬಿಟ್ಟುಹೋಗಿದ್ದರೆ ಹೊಸ ಅರ್ಜಿಯೇ ಬೇಗ. ಮದುವೆಯನ್ನೇ ನಂಬದಿದ್ದರೆ ಹೊಸ ಅರ್ಜಿಯ ಮೇಲೂ ಹಳೆಯ ಸಂಶಯದ ನೆರಳಿರುತ್ತದೆ, ಅಂಥಲ್ಲಿ ಮೇಲ್ಮನವಿಗೆ ಅರ್ಥವಿದೆ. ಗಡುವು ಬಿಗಿಯಾಗಿರುತ್ತದೆ: ಬ್ರಿಟನ್ನಿನಲ್ಲಿ ಒಳಗಿರುವವರಿಗೆ 14 ದಿನ, ಹೊರಗಿರುವವರಿಗೆ 28 ದಿನ. ಕೆನಡಾದಲ್ಲಿ ಹೊರದೇಶದಿಂದ ಹಾಕಿದ ಅರ್ಜಿ ಬಿದ್ದರೆ ಪ್ರಾಯೋಜಕರು 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು, ದೇಶದೊಳಗಿನ ವರ್ಗದಲ್ಲಿ ಹಾಕಿದವರಿಗೆ ಆ ಹಕ್ಕಿಲ್ಲ. ಎಲ್ಲಿಂದ ಅರ್ಜಿ ಹಾಕಬೇಕೆಂದು ಮೊದಲ ದಿನ ಯೋಚಿಸುವಾಗಲೇ ಇದು ಲೆಕ್ಕದಲ್ಲಿರಬೇಕು. ಹಳೆಯ ತಿರಸ್ಕಾರವನ್ನು ಮುಂದಿನ ಯಾವ ಅರ್ಜಿಯಲ್ಲೂ, ಬೇರೆ ದೇಶದ ಅರ್ಜಿಯಲ್ಲೂ, ಕೇಳಿದಾಗ ಮುಚ್ಚಿಡಬೇಡಿ. ತಿರಸ್ಕಾರಕ್ಕೆ ವಿವರಣೆ ಕೊಡಬಹುದು, ಮುಚ್ಚಿಟ್ಟದ್ದಕ್ಕೆ ಕೊಡುವುದು ಕಷ್ಟ.